ಭೂದಾಖಲೆ, ಕೋರ್ಟು ತೀರ್ಪು ಮತ್ತು ವಂಶಾವಳಿ: ಕಲಬುರಗಿ ಸೀಮೆ

ಜಮೀನಿನ ಸರ್ಕಾರಿ ಕಡತ, ನೋಂದಾಯಿತ ಪತ್ರ ಮತ್ತು ನ್ಯಾಯಾಲಯದ ತೀರ್ಪುಗಳನ್ನು ಆಧಾರವಾಗಿಟ್ಟುಕೊಂಡು ಒಂದು ಮನೆತನದ ಹಿಂದಿನ ತಲೆಮಾರುಗಳನ್ನು ಗುರುತಿಸಿ ಜೋಡಿಸುವ ಕ್ರಮವೇ ದಾಖಲೆ ಆಧಾರಿತ ವಂಶಾವಳಿ ಶೋಧನೆ. ಕಲಬುರಗಿ ನಗರ, ಅದರ ಧಾನ್ಯಪೇಟೆಯಾದ ನೆಹರು ಗಂಜ್, ಕಮಲಾಪುರ ತಾಲೂಕು ಹಾಗೂ ಸುತ್ತಲಿನ ಹಳೆಯ ಗುಲಬರ್ಗಾ ಜಿಲ್ಲೆಯಲ್ಲಿ ಈ ಶೋಧನೆ ಹಳೆಯ ಮೈಸೂರು ಅಥವಾ ಮುಂಬೈ ಕರ್ನಾಟಕಕ್ಕಿಂತ ಬೇರೆ ದಾರಿ ಹಿಡಿಯುತ್ತದೆ. 1948ರವರೆಗೆ ಈ ಭಾಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಅಲ್ಲಿನ ಕಂದಾಯ ವ್ಯವಸ್ಥೆ, ಆಡಳಿತ ಭಾಷೆ, ನಾಣ್ಯ, ಪಂಚಾಂಗ ಮತ್ತು ನ್ಯಾಯಾಲಯಗಳ ಶ್ರೇಣಿ ಎಲ್ಲವೂ ಪ್ರತ್ಯೇಕವಾಗಿದ್ದವು.

ಈ ಲೇಖನದಲ್ಲಿ ವಂಶಾವಳಿ ಎಂದರೆ ತಂದೆ, ಮಕ್ಕಳು, ದತ್ತಕ ಮತ್ತು ಮದುವೆ ಸಂಬಂಧಗಳನ್ನು ತೋರಿಸುವ ಪಟ್ಟಿ. ಪಟ್ಟೇದಾರ ಎಂದರೆ ಸರ್ಕಾರಕ್ಕೆ ಕಂದಾಯ ಕಟ್ಟುವ ಹೊಣೆ ಹೊತ್ತು ಯಾರ ಹೆಸರು ದಾಖಲೆಯಲ್ಲಿದೆಯೋ ಆ ವ್ಯಕ್ತಿ. ಪಟ್ಟೇದಾರ, ಹೊಲದ ಮಾಲೀಕ ಮತ್ತು ಉಳುವವ ಮೂವರೂ ಒಬ್ಬರೇ ಆಗಿರಬೇಕೆಂದಿಲ್ಲ.

ಹಿನ್ನೆಲೆ

ಉತ್ತರ ಕರ್ನಾಟಕದಲ್ಲಿ ವಂಶ ಹೇಳುವ ಕೆಲಸ ಬಹುಕಾಲ ಬಾಯಿಮಾತಿನದು. ಹೆಳವರು ಊರೂರು ಸುತ್ತಿ, ತಮಗೆ ಸೇರಿದ ಮನೆಗಳ ಹಿರಿಯರ ಹೆಸರು, ಮೂಲ ಊರು, ಬೆಡಗುಗಳನ್ನು ಹಾಡಿ ಹೇಳಿ, ಹೊಸದಾಗಿ ಹುಟ್ಟಿದವರ ಹೆಸರು ಸೇರಿಸಿಕೊಂಡು ಕಾಳುಕಡಿ ಪಡೆದು ಹೋಗುತ್ತಿದ್ದರು. ಇವರಲ್ಲಿ ಹಲವರ ಬಳಿ ಬರೆದಿಟ್ಟ ಪುಸ್ತಕಗಳೂ ಇವೆ. ಸರ್ಕಾರಿ ದಾಖಲೆ ಹುಟ್ಟಿದ್ದು ವಂಶ ಉಳಿಸಲೆಂದಲ್ಲ, ಕಂದಾಯ ವಸೂಲಿಗೆ. ತೀರ್ಪು ಹುಟ್ಟಿದ್ದು ಜಗಳ ಹರಿಯಲು. ಎರಡರಲ್ಲೂ ಮನೆತನದ ವಿವರ ಅಡ್ಡ ಉತ್ಪನ್ನವಾಗಿ ಬಂದಿರುವುದರಿಂದ, ಕಂದಾಯಕ್ಕೂ ಜಗಳಕ್ಕೂ ಬೇಡವಾದವರು ಅಲ್ಲಿ ಕಾಣಿಸುವುದಿಲ್ಲ.

ಹೈದರಾಬಾದಿನ ದಿವಾನ ಮೊದಲನೆಯ ಸಾಲಾರ್ ಜಂಗ್ 1865ರಲ್ಲಿ ಜಿಲ್ಲಾಬಂದಿ ಪದ್ಧತಿ ತಂದ. ಕಂದಾಯವನ್ನು ಗುತ್ತಿಗೆ ಹಿಡಿಯುತ್ತಿದ್ದವರ ಜಾಗಕ್ಕೆ ಸಂಬಳದ ತಾಲೂಕುದಾರರು, ತಹಶೀಲ್ದಾರರು ಬಂದರು. ದೇಶಮುಖ, ದೇಶಪಾಂಡೆಯವರ ವಸೂಲಿ ಅಧಿಕಾರ ಹೋಗಿ ಅದರ ಬದಲಿಗೆ ರಸೂಮು ಎಂಬ ನಗದು ಹಕ್ಕು ಉಳಿಯಿತು. 1870ರ ದಶಕದ ನಂತರ ಬೊಂಬಾಯಿ ಮಾದರಿಯಲ್ಲಿ ಹೊಲಗಳ ಅಳತೆ ನಡೆದು ಪ್ರತಿ ಹೊಲಕ್ಕೂ ಸರ್ವೆ ನಂಬರು ಬಿತ್ತು. 1317 ಫಸಲಿಯ ಹೈದರಾಬಾದ್ ಭೂಕಂದಾಯ ಕಾಯ್ದೆ, ಅಂದರೆ 1907–08ರದು, ಈ ಪದ್ಧತಿಗೆ ಕಾನೂನಿನ ರೂಪ ಕೊಟ್ಟಿತು. ಮಾಲಿಪಟೇಲ, ಪೊಲೀಸ್ ಪಟೇಲ ಮತ್ತು ಪಟವಾರಿ ಎಂಬ ವಂಶಪಾರಂಪರ್ಯದ ಗ್ರಾಮಾಧಿಕಾರಿಗಳು ಊರಮಟ್ಟದ ದಫ್ತರ ಇಟ್ಟುಕೊಂಡಿದ್ದರು. 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆ 1963ರ ಫೆಬ್ರುವರಿ 1ರಿಂದ ಜಾರಿಗೆ ಬಂದು ಈ ಹುದ್ದೆಗಳು ಹೋದವು. ಆದರೂ ಪಟವಾರಿ ಮನೆಗಳಲ್ಲಿ ಹಳೆಯ ಕಾಗದದ ಗಂಟುಗಳು ಉಳಿದುಕೊಂಡಿರುವುದು ಅಪರೂಪವಲ್ಲ.

ಆಡಳಿತ ಗಡಿಗಳು ಹಲವು ಬಾರಿ ಬದಲಾದವು. 1956ರ ನವೆಂಬರ್ 1ರಂದು ಗುಲಬರ್ಗಾ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಅದೇ ವೇಳೆ ಜಿಲ್ಲೆಯ ಕೊಡಂಗಲ್ ಮತ್ತು ತಾಂಡೂರು ತಾಲೂಕುಗಳು ಆಂಧ್ರ ಪ್ರದೇಶಕ್ಕೆ ಹೋದವು. ನೆರೆಯ ಬೀದರ್ ಜಿಲ್ಲೆಯ ಉದಗೀರ, ನಿಲಂಗಾ, ಅಹಮದಪುರಗಳು ಬೊಂಬಾಯಿ ರಾಜ್ಯಕ್ಕೆ ಸೇರಿದವು. 2009ರ ಡಿಸೆಂಬರಿನಲ್ಲಿ ಯಾದಗಿರಿ, ಶಹಾಪುರ, ಸುರಪುರಗಳನ್ನು ಬೇರ್ಪಡಿಸಿ ಯಾದಗಿರಿ ಜಿಲ್ಲೆ ಮಾಡಲಾಯಿತು. 2014ರ ನವೆಂಬರ್ 1ರಂದು ಗುಲಬರ್ಗಾ ಎಂಬ ಹೆಸರು ಕಲಬುರಗಿ ಆಯಿತು. ಕಲಬುರಗಿ–ಹುಮನಾಬಾದ್ ರಸ್ತೆಯ ಮೇಲಿನ, ಕೆಂಪು ಬಾಳೆಗೆ ಹೆಸರಾದ ಕಮಲಾಪುರ ತಾಲೂಕು ಕೇಂದ್ರವಾದದ್ದು 2018ರಲ್ಲಿ. ಹೀಗಾಗಿ ಕಮಲಾಪುರ ಅಥವಾ ಮಹಾಗಾಂವದ ಹಳೆಯ ಹೊಲವೊಂದರ ಕಾಗದದ ಮೇಲ್ಭಾಗದಲ್ಲಿ ಗುಲಬರ್ಗಾ ತಾಲೂಕು ಎಂದೇ ಇರುತ್ತದೆ.

ಕಾಲಗಣನೆ, ಲಿಪಿ, ಅಳತೆ

ದಾಖಲೆಗಳ ಮೇಲಿನ ವರ್ಷ ಸಾಮಾನ್ಯವಾಗಿ ಫಸಲಿ. ಇಪ್ಪತ್ತನೆಯ ಶತಮಾನದ ಹೈದರಾಬಾದ್ ಕಾಗದಗಳಲ್ಲಿ ಫಸಲಿ ವರ್ಷ ಅಕ್ಟೋಬರ್ 6ಕ್ಕೆ, ಆಜೂರ್ ತಿಂಗಳ ಮೊದಲ ದಿನ ಆರಂಭವಾಗುತ್ತದೆ. ಫಸಲಿಗೆ 591 ಕೂಡಿಸಿದರೆ ಇಸವಿ ಸಿಗುತ್ತದೆ. ವರ್ಷದ ಆರಂಭದ ಅಕ್ಟೋಬರ್ 6ರಿಂದ ಡಿಸೆಂಬರಿನವರೆಗಿನ ದಿನಾಂಕಗಳಿಗೆ 590 ಕೂಡಿಸಬೇಕು. ಈ ಪ್ರಕಾರ 1356 ಫಸಲಿ 1946ರ ಅಕ್ಟೋಬರಿನಿಂದ 1947ರ ಅಕ್ಟೋಬರಿನವರೆಗೆ. ಅದೇ ಸಂಖ್ಯೆಯನ್ನು ಹಿಜರಿ ಎಂದು ಓದಿದರೆ ಇಸವಿ 1937–38 ಆಗಿಬಿಡುತ್ತದೆ. ಒಂದು ಸಾವು ಅಥವಾ ಪಾಲುಪತ್ರ ಹತ್ತು ವರ್ಷ ಹಿಂದಕ್ಕೆ ಸರಿದರೆ ಯಾವ ಮಗ ಆಗ ಅಪ್ರಾಪ್ತ, ಯಾರು ಹುಟ್ಟಿಯೇ ಇರಲಿಲ್ಲ ಎಂಬ ಲೆಕ್ಕವೆಲ್ಲ ತಪ್ಪುತ್ತದೆ. ಖಾಜಿ ಮತ್ತು ದರ್ಗಾಗಳ ಸನದುಗಳಲ್ಲಿ ಹಿಜರಿ ಹೆಚ್ಚು. ಸಾಹುಕಾರರ ಪತ್ರಗಳಲ್ಲಿ ಶಕ ವರ್ಷ ಮತ್ತು ಸಂವತ್ಸರದ ಹೆಸರು ಬರುತ್ತದೆ.

ಸಂಸ್ಥಾನದ ಆಡಳಿತ 1880ರ ದಶಕದವರೆಗೆ ಪಾರಸಿಯಲ್ಲಿ, ಆಮೇಲೆ ಉರ್ದುವಿನಲ್ಲಿ ನಡೆಯಿತು. ಊರ ಪಟವಾರಿ ಮಾತ್ರ ಕನ್ನಡದಲ್ಲಿ, ಇಲ್ಲವೇ ಮರಾಠಿಯ ಮೋಡಿ ಲಿಪಿಯಲ್ಲಿ ಬರೆಯುತ್ತಿದ್ದ. ಒಂದೇ ಹೊಲಕ್ಕೆ ತಹಶೀಲಿನಲ್ಲಿ ಉರ್ದು ಹಾಳೆ, ಊರಲ್ಲಿ ಮೋಡಿ ಹಾಳೆ, 1956ರ ನಂತರ ಕನ್ನಡ ಹಾಳೆ ಇರುವುದು ಸಾಮಾನ್ಯ. ಶಿಕಸ್ತಾ ಎಂಬ ಅವಸರದ ಉರ್ದು ಬರಹದಲ್ಲಿ ಚುಕ್ಕೆಗಳು ಬಿಟ್ಟುಹೋಗುತ್ತವೆ. ಬಸಪ್ಪ, ಬಸಣ್ಣನಂಥ ಹತ್ತಿರದ ಹೆಸರುಗಳು ಅಲ್ಲಿ ಬೆರೆಯುತ್ತವೆ. ಮೊತ್ತಗಳನ್ನು ಅಂಕಿಯ ಬದಲು ಸಿಯಾಖ್ ಎಂಬ ಲೆಕ್ಕದ ಗುರುತುಗಳಲ್ಲಿ ಬರೆದಿರಬಹುದು.

ಸಂಬಂಧ ಸೂಚಿಸುವ ಪದಗಳು ಲಿಪಿಯೊಂದಿಗೆ ಬದಲಾಗುತ್ತವೆ. ಉರ್ದುವಿನ ವಲ್ದ್ ಎಂಬುದು ಕಲಬುರಗಿಯ ಕನ್ನಡ ಕಾಗದದಲ್ಲಿ ತಂದೆ ಆಗುತ್ತದೆ: ಶರಣಪ್ಪ ತಂದೆ ಬಸಪ್ಪ ಎಂದರೆ ಬಸಪ್ಪನ ಮಗ ಶರಣಪ್ಪ. ಹೆಂಗಸಿನ ಹೆಸರಿನ ಮುಂದೆ ಗಂಡ ಎಂದಿರುತ್ತದೆ: ಗಂಗಮ್ಮ ಗಂಡ ಮಲ್ಲಪ್ಪ. ಹಳೆಯ ಮೈಸೂರಿನ ಬಿನ್ ಮತ್ತು ಕೋಂ ಇಲ್ಲಿ ಬಳಕೆಯಲ್ಲಿಲ್ಲ. ಅಡ್ಡಹೆಸರು ತಲೆಮಾರಿನಿಂದ ತಲೆಮಾರಿಗೆ ಸ್ಥಿರವಲ್ಲ. ಪಟೇಲಿಕೆ ಬಂದವನು ಪಾಟೀಲ, ಊರು ಬಿಟ್ಟವನು ಮೂಲ ಊರಿನ ಹೆಸರಿಗೆ ಕರ್ ಸೇರಿಸಿಕೊಂಡವನು. ಅಣ್ಣತಮ್ಮಂದಿರೇ ಬೇರೆ ಬೇರೆ ಅಡ್ಡಹೆಸರಿನಲ್ಲಿ ನಡೆದ ಮನೆಗಳಿವೆ.

ವಿಸ್ತೀರ್ಣ ಎಕರೆ ಮತ್ತು ಗುಂಟೆಗಳಲ್ಲಿ. 40 ಗುಂಟೆಗೆ ಒಂದು ಎಕರೆ. ಇನಾಮು ಸನದುಗಳಲ್ಲಿ ಬಿಘಾ ಬರುತ್ತದೆ. ವತನ ಹಾಗೂ ಇನಾಮುಗಳ ಹಕ್ಕನ್ನು ಆಣೆ ಲೆಕ್ಕದಲ್ಲಿ ಹೇಳುತ್ತಾರೆ. 16 ಆಣೆ ಪೂರ್ತಿ ಹಕ್ಕು, 8 ಆಣೆ ಅರ್ಧ, 5 ಆಣೆ 4 ಪೈ ಮೂರರಲ್ಲೊಂದು. ಈ ಭಿನ್ನರಾಶಿಯೇ ಎಷ್ಟು ಕವಲು ಒಡೆದಿವೆ ಎಂಬುದರ ಸುಳಿವು. ಕಂದಾಯದ ಮೊತ್ತ ಹಾಲಿ ಸಿಕ್ಕಾ ರೂಪಾಯಿಯಲ್ಲಿರುತ್ತದೆ. ಸುಮಾರು ಏಳು ಹಾಲಿ ರೂಪಾಯಿಗೆ ಆರು ಬ್ರಿಟಿಷ್ ರೂಪಾಯಿ ಸಮ.

ಭೂದಾಖಲೆಗಳು

ಯಾವ ಹಳ್ಳಿಯ ಕಾಗದ ಎಲ್ಲಿ ಸಿಗುತ್ತದೆ ಎಂಬುದು ಆ ಹಳ್ಳಿ ಯಾರ ಆಡಳಿತದಲ್ಲಿತ್ತು ಎಂಬುದರ ಮೇಲೆ ನಿಂತಿದೆ. ನೇರ ಸರ್ಕಾರದ ಹಳ್ಳಿಗಳು ಖಾಲಸಾ ಅಥವಾ ದಿವಾನಿ. ನಿಜಾಮರ ಸ್ವಂತದವು ಸರ್ಫ್-ಎ-ಖಾಸ್. ಇವು 1949ರಲ್ಲಿ ಸರ್ಕಾರದಲ್ಲಿ ವಿಲೀನವಾದವು. ಪಾಯಗಾ ಎಂಬ ದೊಡ್ಡ ಅಮೀರರ ಪ್ರದೇಶಗಳಿಗೆ ತಮ್ಮದೇ ಕಚೇರಿಗಳಿದ್ದವು. ಆಳಂದ ಮತ್ತು ಚಿಟಗುಪ್ಪ ಈ ವರ್ಗದವು. ಇವುಗಳಲ್ಲದೆ ಜಾಗೀರು ಹಳ್ಳಿಗಳೂ ಗುರಗುಂಟಾದಂಥ ಸಂಸ್ಥಾನಗಳೂ ಇದ್ದವು. ಜಾಗೀರು ರದ್ದತಿ ನಿಬಂಧನೆ ಹೊರಬಿದ್ದದ್ದು 1949ರ ಆಗಸ್ಟ್ 15ರಂದು. ಜಾಗೀರು ಹಳ್ಳಿಗಳ ಹಳೆಯ ದಫ್ತರ ಪೂರ್ತಿಯಾಗಿ ತಹಶೀಲಿಗೆ ಬಂದಿರುವುದಿಲ್ಲ. ಅಂಥ ಊರಿನ ಸಾಮಾನ್ಯ ರೈತರ ಮನೆತನವನ್ನು 1950ಕ್ಕಿಂತ ಹಿಂದಕ್ಕೆ ಒಯ್ಯುವುದು ಕಷ್ಟ.

ಖಾಲಸಾ ಹಳ್ಳಿಯ ಮೂಲ ದಾಖಲೆ ಸೇತ್ವಾರ. ಸರ್ವೆ ಮತ್ತು ಬಂದೋಬಸ್ತಿಯ ಬಳಿಕ ತಯಾರಾದ ಈ ಪುಸ್ತಕದಲ್ಲಿ ಸರ್ವೆ ನಂಬರು, ವಿಸ್ತೀರ್ಣ, ಆಕಾರ ಮತ್ತು ಆಗಿನ ಪಟ್ಟೇದಾರನ ಹೆಸರು ಇರುತ್ತವೆ. ಅದರ ಜೊತೆಗೆ ಹೊಲದ ಅಳತೆಯ ಟಿಪ್ಪಣ ಮತ್ತು ಊರಿನ ನಕ್ಷೆ. ವರ್ಷ ವರ್ಷ ಜಮಾಬಂದಿಯಲ್ಲಿ ಒಪ್ಪಿದ ಬದಲಾವಣೆಗಳನ್ನು ಫೈಸಲ್ ಪಟ್ಟಿಯಲ್ಲಿ ಬರೆಯುತ್ತಿದ್ದರು. ಪಟ್ಟೇದಾರ ಸತ್ತು ಮಗನ ಹೆಸರು ಏರಿದ್ದು ಅಲ್ಲೇ ಕಾಣುತ್ತದೆ. ವಸೂಲ್ ಬಾಕಿಯಲ್ಲಿ ಕಂದಾಯ ಕಟ್ಟಿದವರ ಲೆಕ್ಕ, ಪಹಣಿ ಪತ್ರಕದಲ್ಲಿ ಆಯಾ ವರ್ಷದ ಬೆಳೆ ಮತ್ತು ಕಬ್ಜೆ.

ಈ ಸೀಮೆಯಲ್ಲಿ ಎಲ್ಲರೂ ಮೊದಲು ಕೇಳುವುದು 1954–55ರ ಖಾಸ್ರಾ ಪಹಣಿಯನ್ನು. ಹೈದರಾಬಾದ್ ರಾಜ್ಯದ ಹಳ್ಳಿಗಳಲ್ಲಿ ಹೊಲ ಹೊಲಕ್ಕೆ ತಯಾರಿಸಿದ ಈ ದಾಖಲೆಯಲ್ಲಿ ಪಟ್ಟೇದಾರ, ಕಬ್ಜೇದಾರ, ಕಬ್ಜೆ ಹೇಗೆ ಬಂತು, ಜಮೀನು ಇನಾಮೋ ಅಲ್ಲವೋ ಎಂಬ ಕಾಲಮುಗಳಿವೆ. ನಿಜಾಮಶಾಹಿಯ ಕಡತಕ್ಕೂ ಕರ್ನಾಟಕದ ಕಡತಕ್ಕೂ ನಡುವಣ ಸೇತುವೆ ಇದು. ಮೈಸೂರು ರಾಜ್ಯದ 1964ರ ಭೂಕಂದಾಯ ಕಾಯ್ದೆಯ ನಂತರದ್ದು ಈಗಿನ ಪಹಣಿ. ಅದರ 9ನೆಯ ಕಾಲಮಿನಲ್ಲಿ ಖಾತೆದಾರರ ಹೆಸರು, 10ರಲ್ಲಿ ಹಕ್ಕು ಬಂದ ಬಗೆ ಮತ್ತು ಮ್ಯುಟೇಶನ್ ಸಂಖ್ಯೆ, 11ರಲ್ಲಿ ಸಾಲ ಮತ್ತು ಇತರ ಹಕ್ಕುಗಳು, 12ರಲ್ಲಿ ಸಾಗುವಳಿ. ವಂಶಾವಳಿ ಹುಡುಕುವವರಿಗೆ 9ಕ್ಕಿಂತ 10 ಮುಖ್ಯ. ಮ್ಯುಟೇಶನ್ ಸಂಖ್ಯೆ ಹಿಡಿದು ಹೋದರೆ ರಿಜಿಸ್ಟರಿನಲ್ಲಿ ಯಾರು ಸತ್ತರು, ಯಾರು ವಾರಸುದಾರರು, ಯಾರ ಹೇಳಿಕೆ ಪಡೆದರು ಎಂಬುದು ಸಿಗುತ್ತದೆ.

ಶಿಕ್ಮಿದಾರ ಎಂಬ ಕಾಲಮನ್ನು ಕಡೆಗಣಿಸಿ ಅನೇಕರು ಎಡವುತ್ತಾರೆ. ಹೈದರಾಬಾದ್ ಪದ್ಧತಿಯಲ್ಲಿ ಅವಿಭಕ್ತ ಮನೆಯ ಹೊಲ ಹಿರಿಯನೊಬ್ಬನ ಹೆಸರಿನಲ್ಲಿ ಪಟ್ಟಾ ಆಗುತ್ತಿತ್ತು. ಪಾಲುಳ್ಳ ಉಳಿದವರು ಶಿಕ್ಮಿದಾರರು. ಪಟ್ಟೇದಾರನ ಹೆಸರನ್ನಷ್ಟೇ ಎತ್ತಿ ಬರೆದ ನಕಲು ನೋಡಿದರೆ ನಾಲ್ವರು ಅಣ್ಣತಮ್ಮಂದಿರಲ್ಲಿ ಮೂವರು ಇರಲೇ ಇಲ್ಲವೇನೋ ಅನ್ನಿಸುತ್ತದೆ.

ಇನಾಮು ದಾಖಲೆಗಳು ಬೇರೆಯೇ ಜಾತಿ. ಮಠ, ಗುಡಿ, ದರ್ಗಾ, ಮಸೀದಿಗಳ ಸೇವೆಗೆ, ಖಾಜಿ ಮತ್ತು ಪೂಜಾರಿಗಳಿಗೆ ಕೊಟ್ಟ ಜಮೀನುಗಳ ಹಕ್ಕನ್ನು ಅತಿಯಾತ್ ಕಚೇರಿ ವಿಚಾರಣೆ ಮಾಡಿ ಮುಂತಖಬ್ ಎಂಬ ಆಖೈರು ಪತ್ರ ಕೊಡುತ್ತಿತ್ತು. ಇನಾಮುದಾರ ಸತ್ತಾಗಲೆಲ್ಲ ವಿರಾಸತ್ ವಿಚಾರಣೆ ಆಗಬೇಕು, ಅದಕ್ಕೆ ಶಜರಾ ಅಂದರೆ ವಂಶಾವಳಿ ಹಾಜರುಪಡಿಸಬೇಕು. ಹಾಗಾಗಿ ನೂರಾರು ಎಕರೆಯ ರೈತ ಮನೆತನಕ್ಕಿಂತ, ನಾಲ್ಕು ಎಕರೆ ಇನಾಮಿನ ಒಬ್ಬ ಪೂಜಾರಿಯ ವಂಶಾವಳಿ ಉದ್ದವಾಗಿ, ಖಚಿತವಾಗಿ ಸಿಗುವುದುಂಟು. 1952ರ ಹೈದರಾಬಾದ್ ಅತಿಯಾತ್ ವಿಚಾರಣಾ ಕಾಯ್ದೆ ಈ ಕ್ರಮವನ್ನು ಮುಂದುವರಿಸಿತು. ಇನಾಮು ರದ್ದತಿ ಕಾಯ್ದೆ 1955ರಲ್ಲಿ ಬಂತು. ಹೈದರಾಬಾದಿನ ತಾರ್ನಾಕಾದಲ್ಲಿರುವ ತೆಲಂಗಾಣ ರಾಜ್ಯ ಪತ್ರಾಗಾರದಲ್ಲಿ ಅಸಫ್ ಜಾಹಿ ದಫ್ತರಗಳು ಮತ್ತು ಅದಕ್ಕೂ ಹಿಂದಿನ ಮೊಗಲ್ ಕಾಗದಗಳಿವೆ. ಕಲಬುರಗಿಯ ಇನಾಮು ಮನೆತನವೊಂದರ ಹಿಂದಿನ ತುದಿ ಅಲ್ಲಿರುವ ಸಾಧ್ಯತೆ ಬೆಂಗಳೂರಿಗಿಂತ ಹೆಚ್ಚು.

ಸರ್ವೆ ನಂಬರಿನ ಜಾಡು

ವ್ಯಕ್ತಿಯ ಹೆಸರಿಗಿಂತ ಹೊಲದ ನಂಬರು ಸ್ಥಿರ. ಶೋಧನೆ ಈಗಿನ ಪಹಣಿಯಿಂದ ಹೊರಟು ಹಿಂದಕ್ಕೆ ಹೋಗಬೇಕೇ ಹೊರತು, ಕೇಳಿ ತಿಳಿದ ಮೂಲಪುರುಷನಿಂದ ಕೆಳಕ್ಕಲ್ಲ.

ಒಂದು ಕಲ್ಪಿತ ಮಾದರಿ ನೋಡಬಹುದು. ಕಮಲಾಪುರದ ಆಸುಪಾಸಿನ ಊರೊಂದರ ಈಗಿನ ಪಹಣಿಯಲ್ಲಿ ಸರ್ವೆ ನಂಬರ್ 45/2, ವಿಸ್ತೀರ್ಣ 6 ಎಕರೆ 10 ಗುಂಟೆ, ಖಾತೆದಾರ ಶರಣಪ್ಪ ತಂದೆ ಮಲ್ಲಪ್ಪ ಎಂದಿದೆ. 10ನೆಯ ಕಾಲಮಿನ ಸಂಖ್ಯೆ ಹಿಡಿದು ಮ್ಯುಟೇಶನ್ ರಿಜಿಸ್ಟರು ತೆಗೆದರೆ, 1978ರಲ್ಲಿ ಮಲ್ಲಪ್ಪ ತಂದೆ ಶರಣಪ್ಪ ತೀರಿಕೊಂಡ ಬಳಿಕ ವಾರಸಾ ಆದದ್ದು ತಿಳಿಯುತ್ತದೆ. 1954–55ರ ಖಾಸ್ರಾ ಪಹಣಿಯಲ್ಲಿ 45/2 ಇಲ್ಲ, 45 ಮಾತ್ರ ಇದೆ. 12 ಎಕರೆ 20 ಗುಂಟೆ, ಪಟ್ಟೇದಾರ ಶರಣಪ್ಪ ತಂದೆ ಬಸಪ್ಪ, ಶಿಕ್ಮಿದಾರ ಈರಣ್ಣ ತಂದೆ ಬಸಪ್ಪ. ಅಂದರೆ 45/1 ಈರಣ್ಣನ ಕವಲಿಗೆ ಹೋಗಿರಬೇಕು, ಹೊಲ ಅರ್ಧರ್ಧ ಆಗಿರುವುದೂ ಅದಕ್ಕೆ ಹೊಂದುತ್ತದೆ. ಫೋಡಿಯ, ಅಂದರೆ ಸರ್ವೆ ನಂಬರು ಒಡೆದ ಅಳತೆಯ, ಕಡತದಲ್ಲಿ ಪಾಲಾದ ವರ್ಷ ಸಿಗುತ್ತದೆ. ಸೇತ್ವಾರದಲ್ಲಿ ಅದೇ 45ಕ್ಕೆ ಬಸಪ್ಪ ವಲ್ದ್ ಶರಣಪ್ಪ ಎಂದು ಉರ್ದುವಿನಲ್ಲಿದ್ದರೆ ಐದು ತಲೆಮಾರು ಕೂಡಿದವು.

ಇದೇ ಮಾದರಿಯಲ್ಲಿ ಮೂವರು ಶರಣಪ್ಪಂದಿರು ಬಂದರು. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿಯಿಂದ ಇಂಥ ಗೊಂದಲ ಈ ಸೀಮೆಯಲ್ಲಿ ಮಾಮೂಲು. ವರ್ಷ ಮತ್ತು ತಂದೆಯ ಹೆಸರು ಎರಡೂ ಇಲ್ಲದ ನಕಲನ್ನು ವಂಶಾವಳಿಗೆ ಬಳಸುವಂತಿಲ್ಲ.

ಕೋರ್ಟು ದಾಖಲೆಗಳು

ಹೈದರಾಬಾದ್ ಸಂಸ್ಥಾನದಲ್ಲಿ 1921ರಲ್ಲಿ ನ್ಯಾಯಾಂಗವನ್ನು ಕಾರ್ಯಾಂಗದಿಂದ ಬೇರ್ಪಡಿಸಲಾಯಿತು. ಮುನ್ಸಿಫ್, ಜಿಲ್ಲಾ ಅದಾಲತ್, ಅದರ ಮೇಲೆ ಹೈದರಾಬಾದಿನ ಹೈಕೋರ್ಟು, ಕೊನೆಗೆ ನಿಜಾಮರ ಜುಡಿಷಿಯಲ್ ಕಮಿಟಿ. ಬ್ರಿಟಿಷ್ ಇಂಡಿಯಾದ ಧಾರವಾಡ, ಬಿಜಾಪುರಗಳ ದಾವೆಗಳು ಲಂಡನ್ನಿನ ಪ್ರಿವಿ ಕೌನ್ಸಿಲಿಗೆ ಹೋದರೆ, ಗುಲಬರ್ಗಾದವು ಹೈದರಾಬಾದಿನಲ್ಲೇ ಮುಗಿಯುತ್ತಿದ್ದವು. ಆದ್ದರಿಂದ ಪ್ರಿವಿ ಕೌನ್ಸಿಲ್ ವರದಿಗಳಲ್ಲಿ ಗುಲಬರ್ಗಾದ ಮನೆತನಗಳನ್ನು ಹುಡುಕಿ ಫಲವಿಲ್ಲ. ಉರ್ದುವಿನ ಡೆಕ್ಕನ್ ಲಾ ರಿಪೋರ್ಟ್, 1950ರಿಂದ ಎಐಆರ್ ಹೈದರಾಬಾದ್ ಸಂಪುಟಗಳು, 1956ರ ನಂತರ ಮೈಸೂರು, ಆಮೇಲೆ ಕರ್ನಾಟಕದ ವರದಿಗಳು ಇಲ್ಲಿ ಉಪಯುಕ್ತ. ಕರ್ನಾಟಕ ಹೈಕೋರ್ಟಿನ ಸಂಚಾರಿ ಪೀಠ 2008ರ ಜುಲೈನಲ್ಲಿ ಕಲಬುರಗಿಗೆ ಬಂದು 2013ರಲ್ಲಿ ಕಾಯಂ ಆಯಿತು.

ವಂಶದ ವಿವರ ಹೆಚ್ಚು ಸಿಗುವುದು ಹಿಸ್ಸೆ ದಾವೆಗಳಲ್ಲಿ. ವಾದಪತ್ರದ ಜೊತೆಗೇ ವಂಶಾವಳಿ ಲಗತ್ತಿಸುವುದು ರೂಢಿ. ಪ್ರತಿವಾದಿ ಅದನ್ನು ಒಪ್ಪಿದ್ದಾನೋ, ಒಂದು ಕವಲನ್ನು ಅಲ್ಲಗಳೆದಿದ್ದಾನೋ ಎಂಬುದು ಕೈಫಿಯತ್ತಿನಲ್ಲಿರುತ್ತದೆ. ದತ್ತಕದ ದಾವೆಗಳಲ್ಲಿ ಸಾವಿನ ತಾರೀಖುಗಳನ್ನು ಕೋರ್ಟೇ ಒಂದೊಂದಾಗಿ ನಿರ್ಧರಿಸುತ್ತದೆ. ಮುಸ್ಲಿಂ ಮನೆತನಗಳಲ್ಲಿ ವಿರಾಸತ್ ಮತ್ತು ಮೆಹರ್ ದಾವೆಗಳು, ದರ್ಗಾಗಳ ಸಜ್ಜಾದಾ ಗದ್ದುಗೆಯ ವ್ಯಾಜ್ಯಗಳು ಇದೇ ಕೆಲಸ ಮಾಡುತ್ತವೆ.

ನೆರೆಯ ಬಿಜಾಪುರದ ಸಿವಿಲ್ ಕೋರ್ಟಿನಲ್ಲಿ ಹುಟ್ಟಿ 1954ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಮುಗಿದ, ಕಾನೂನು ಪುಸ್ತಕಗಳಲ್ಲಿ ಕಾಂಗೊ ಪ್ರಕರಣ ಎಂದು ಪ್ರಸಿದ್ಧವಾದ ದಾವೆ ಇದಕ್ಕೆ ಒಳ್ಳೆಯ ಉದಾಹರಣೆ. ಅದರಲ್ಲಿ 1897ರಲ್ಲಿ ಗಂಡನನ್ನು ಕಳೆದುಕೊಂಡ ವಿಧವೆ ದತ್ತಕ ತೆಗೆದುಕೊಂಡದ್ದು 1944ರಲ್ಲಿ, 47 ವರ್ಷಗಳ ನಂತರ. ದತ್ತಕನ ಹಕ್ಕು ಗಂಡ ಸತ್ತ ದಿನಕ್ಕೆ ಹಿಂದೆ ಸರಿಯುತ್ತದೆಯೇ ಎಂಬುದು ಪ್ರಶ್ನೆ. ಅವಿಭಕ್ತ ಮನೆಯ ಆಸ್ತಿಗೆ ಹೌದು, ಅಷ್ಟರಲ್ಲಿ ದಾಯಾದಿಯೊಬ್ಬನಿಂದ ಇನ್ನೊಬ್ಬರಿಗೆ ವಾರಸಾ ಆಗಿ ಬಂದ ಆಸ್ತಿಗೆ ಇಲ್ಲ ಎಂದು ಕೋರ್ಟು ಹೇಳಿತು. ಇದನ್ನು ತೀರ್ಮಾನಿಸಲು ಮನೆಯ ಪ್ರತಿಯೊಬ್ಬ ಗಂಡಸು ಯಾವ ವರ್ಷ ಸತ್ತ, ಯಾರನ್ನು ಬಿಟ್ಟು ಸತ್ತ ಎಂದು ಗೊತ್ತಾಗಲೇಬೇಕಿತ್ತು. ಐವತ್ತು ವರ್ಷಗಳ ಮನೆತನ ಹೀಗೆ ತೀರ್ಪಿನ ಮೊದಲ ಪ್ಯಾರಾಗಳಲ್ಲಿ ದಾಖಲಾಯಿತು.

ಪಾಯಗಾ ಅಮೀರ ನವಾಬ್ ವಲಿಯುದ್ದೌಲಾ 1935ರಲ್ಲಿ ತೀರಿಕೊಂಡ ಬಳಿಕ ಎದ್ದ ವಾರಸಾ ವಿವಾದದಲ್ಲಿ ಕೇಳಿಬಂದದ್ದು ಇಬ್ಬರು ಹೆಂಗಸರು ಲಗ್ನವಾದ ಹೆಂಡಿರೇ, ಅವರ ಮಕ್ಕಳು ವಾರಸುದಾರರೇ ಎಂಬ ಪ್ರಶ್ನೆ. ಅವರ ಹಕ್ಕನ್ನು ತಳ್ಳಿಹಾಕಲೆಂದೇ ಹೈದರಾಬಾದಿನಲ್ಲಿ 1950ರಲ್ಲಿ ಪ್ರತ್ಯೇಕ ಕಾಯ್ದೆ ಮಾಡಲಾಯಿತು. 1953ರ ಎಐಆರ್ ಸಂಪುಟದಲ್ಲಿ ವರದಿಯಾದ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಸಂವಿಧಾನದ 14ನೆಯ ವಿಧಿಯ ಆಧಾರದಲ್ಲಿ ಅದನ್ನು ಅನೂರ್ಜಿತಗೊಳಿಸಿತು.

ಕೋರ್ಟಿನ ಕಾಗದ ಹೊಲದ ಕಾಗದದೊಂದಿಗೆ ಸೇರುವ ಜಾಗ ಸಿವಿಲ್ ಪ್ರಕ್ರಿಯಾ ಸಂಹಿತೆಯ 54ನೆಯ ಕಲಮು. ಹಿಸ್ಸೆ ದಾವೆಯಲ್ಲಿ ಕೋರ್ಟು ಪ್ರಾಥಮಿಕ ಡಿಕ್ರಿ ಮಾಡಿ ಪಾಲಿನ ಪ್ರಮಾಣ ಹೇಳುತ್ತದೆ. ಕಂದಾಯದ ಜಮೀನನ್ನು ನೆಲದ ಮೇಲೆ ಹಂಚಿಕೊಡುವುದು ಜಿಲ್ಲಾಧಿಕಾರಿ ಅಥವಾ ಅವರ ಅಧೀನ ಅಧಿಕಾರಿಯ ಕೆಲಸ. ಅಳತೆ, ಫೋಡಿ, ಹೊಸ ಹಿಸ್ಸಾ ನಂಬರು, ಮ್ಯುಟೇಶನ್ ಇಷ್ಟೂ ಆದ ಮೇಲೆ ಪಹಣಿಯಲ್ಲಿ ಡಿಕ್ರಿಯ ಉಲ್ಲೇಖ ಬರುತ್ತದೆ. ಮ್ಯುಟೇಶನ್ನಿನಲ್ಲಿ ದಾವೆಯ ಸಂಖ್ಯೆ ಮತ್ತು ವರ್ಷ ಕಂಡರೆ ಕೋರ್ಟಿನ ರೆಕಾರ್ಡ್ ರೂಮಿಗೆ ನಕಲಿನ ಅರ್ಜಿ ಹಾಕಬಹುದು. ಹಳೆಯ ದಾವೆಗಳ ಬಿಡಿ ಕಾಗದಗಳನ್ನು ನಿಯಮದಂತೆ ಕಾಲಾಂತರದಲ್ಲಿ ನಾಶಪಡಿಸಲಾಗುತ್ತದೆ. ತೀರ್ಪು ಮತ್ತು ಡಿಕ್ರಿ ಹೆಚ್ಚು ಕಾಲ ಉಳಿಯುತ್ತವೆ.

ನೆಹರು ಗಂಜ್ ಮತ್ತು ಪೇಟೆಯ ಕಾಗದಗಳು

ನೆಹರು ಗಂಜ್ ತೊಗರಿಯ ಪೇಟೆ. ಅಡತಿ ಅಂಗಡಿಗಳು, ದಾಲ್ ಮಿಲ್ಲುಗಳ ಸಂಬಂಧದಿಂದ ಸುತ್ತಲಿನ ಹಳ್ಳಿಗಳೆಲ್ಲ ಅದಕ್ಕೆ ಜೋಡಣೆಯಾಗಿವೆ. ಹೈದರಾಬಾದ್ ಕೃಷಿ ಮಾರುಕಟ್ಟೆ ಕಾಯ್ದೆ ಬಂದದ್ದು 1339 ಫಸಲಿಯಲ್ಲಿ, ಅಂದರೆ 1930ರ ಹೊತ್ತಿಗೆ. ಪೇಟೆಯ ವ್ಯಾಪಾರಿ ಮನೆತನಗಳನ್ನು ಹುಡುಕುವಾಗ ಪಹಣಿ ಅಷ್ಟಾಗಿ ನೆರವಾಗದು. ಸಿಟಿ ಸರ್ವೆಯ ಆಸ್ತಿ ಕಾರ್ಡು, ನಗರಸಭೆಯ ಖಾತೆ, ಪಾಲುದಾರಿಕೆ ಪತ್ರ, ಮಾರುಕಟ್ಟೆ ಲೈಸೆನ್ಸು ಇವೇ ಆಧಾರ. ತಂದೆ ಮಕ್ಕಳು ಪಾಲುದಾರರಾದ ಅಂಗಡಿಯ ಹೆಸರಿನಲ್ಲೇ ಎರಡು ತಲೆಮಾರು ಅಡಗಿರುತ್ತವೆ.

ದೀಪಾವಳಿಗೆ ಪೂಜೆ ಮಾಡಿ ತೆರೆಯುವ ರೋಜಮೇಳ ಮತ್ತು ಖತಾವಣಿ ಪುಸ್ತಕಗಳಲ್ಲಿ ರೈತನ ಹೆಸರು, ತಂದೆಯ ಹೆಸರು, ಊರು ಬರೆದು ಮುಂಗಡ ಕೊಟ್ಟ ಲೆಕ್ಕ ಇರುತ್ತದೆ. ಸಾಲ ತೀರದೆ ಹೊಲ ಅಡವಿಟ್ಟಾಗ ರೆಹನ್ ಪತ್ರ, ತಿರುಗಿ ಕೊಳ್ಳುವ ಷರತ್ತಿನ ಖರೀದಿ ಪತ್ರ ಆಗುತ್ತಿದ್ದವು. ಅವುಗಳಿಗೆ ಮನೆಯ ಎಲ್ಲ ಪಾಲುದಾರರ ಸಹಿ, ಹೆಬ್ಬೆಟ್ಟು ಬೇಕಾಗುತ್ತಿತ್ತು. ಪಹಣಿಯಲ್ಲಿ ಕಾಣದ ತಮ್ಮ, ಅಪ್ರಾಪ್ತ ಮಗ, ಒಮ್ಮೊಮ್ಮೆ ತಾಯಿಯೂ ಅಲ್ಲಿ ಸಿಗುತ್ತಾರೆ. ನೋಂದಣಿ ಕಚೇರಿಯ 1ನೆಯ ಪುಸ್ತಕದಲ್ಲಿ ಸ್ಥಿರಾಸ್ತಿಯ ಪತ್ರಗಳು, 3ನೆಯದರಲ್ಲಿ ಮೃತ್ಯುಪತ್ರ ಮತ್ತು ದತ್ತಕಕ್ಕೆ ಕೊಟ್ಟ ಅಧಿಕಾರ ಪತ್ರಗಳಿರುತ್ತವೆ.

ಹೆಣ್ಣುಮಕ್ಕಳು ಮತ್ತು ಹೊಲವಿಲ್ಲದವರು

ಹಳೆಯ ದಾಖಲೆಗಳಲ್ಲಿ ಹೆಂಗಸು ಬರುವುದು ಹೆಚ್ಚಾಗಿ ವಿಧವೆಯಾಗಿ ಇಲ್ಲವೇ ಅಪ್ರಾಪ್ತನ ಪಾಲಕಿಯಾಗಿ. ಮಗಳು ಕಾಣುವುದು ತೀರ ಕಡಿಮೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ನಂತರ ವಾರಸಾ ಹೇಳಿಕೆಗಳಲ್ಲಿ ಹೆಣ್ಣುಮಕ್ಕಳ ಹೆಸರು ಬರತೊಡಗಿತು, ಅದೂ ಹಕ್ಕು ಬಿಟ್ಟುಕೊಟ್ಟ ಒಪ್ಪಿಗೆಯ ರೂಪದಲ್ಲಿಯೇ ಹೆಚ್ಚು. ಕರ್ನಾಟಕ 1994ರಲ್ಲಿ, ಕೇಂದ್ರ 2005ರಲ್ಲಿ ಮಗಳನ್ನು ಸಹದಾಯಾದಿ ಮಾಡಿದವು. ವಿನೀತಾ ಶರ್ಮಾ ಪ್ರಕರಣದಲ್ಲಿ 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು, 2005ರಲ್ಲಿ ತಂದೆ ಬದುಕಿರಬೇಕೆಂಬ ಷರತ್ತಿಲ್ಲ ಎಂದಿತು. 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಾಯಿತ ಪತ್ರ ಅಥವಾ ಡಿಕ್ರಿಯಿಂದ ಪಾಲು ಆಗಿದೆಯೇ ಎಂಬುದು ಈಗ ನಿರ್ಣಾಯಕ. ಹಳೆಯ ಪಾಲುಪತ್ರಗಳ ಹುಡುಕಾಟ ಹೆಚ್ಚಿದ್ದಕ್ಕೆ ಇದೂ ಕಾರಣ.

ಹೊಲವಿಲ್ಲದವರ ಹೆಸರು ಹುಡುಕಲು ಬೇರೆ ಪುಸ್ತಕಗಳಿವೆ. 1950ರ ಹೈದರಾಬಾದ್ ಗೇಣಿ ಕಾಯ್ದೆಯ ಪ್ರಕಾರ ತಯಾರಾದ ರಕ್ಷಿತ ಗೇಣಿದಾರರ ಪಟ್ಟಿ ಒಂದು. ಉಳುವವನ ಹೆಸರು ಸರ್ಕಾರದ ಪುಸ್ತಕದಲ್ಲಿ ಬಂದ ಮೊದಲ ಸಂದರ್ಭ ಅನೇಕ ಮನೆಗಳಿಗೆ ಇದೇ. 1974ರ ಮಾರ್ಚ್ 1ರಿಂದ ಜಾರಿಯಾದ ಭೂಸುಧಾರಣೆ ತಿದ್ದುಪಡಿಯ ನಂತರ ಭೂ ನ್ಯಾಯಮಂಡಳಿಗಳ ಮುಂದೆ ಬಂದ 7ನೆಯ ನಮೂನೆಯ ಅರ್ಜಿಗಳು ಇನ್ನೊಂದು. ಅವುಗಳಲ್ಲಿ ಗೇಣಿ ಯಾರ ಕಾಲದಿಂದ ಎಂಬ ಹೇಳಿಕೆ ಇರುತ್ತದೆ. ತಳವಾರ, ಸೇತ್‌ಸಿಂಧಿ ಮುಂತಾದ ಊರ ಸೇವೆಯ ಇನಾಮುಗಳು, ಲಾವಣಿ ನಿಯಮದಡಿ ಕೊಟ್ಟ ಸರ್ಕಾರಿ ಜಮೀನಿನ ಪಟ್ಟಾಗಳು ದಲಿತ ಮನೆತನಗಳ ಶೋಧನೆಗೆ ಮುಖ್ಯ. ಪರಿಶಿಷ್ಟರಿಗೆ ಮಂಜೂರಾದ ಜಮೀನಿನ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆಯ ಪ್ರಕರಣಗಳಲ್ಲಿ ಮೂಲ ಮಂಜೂರಿದಾರನಿಂದ ಈಗಿನ ಅರ್ಜಿದಾರನವರೆಗಿನ ವಂಶಾವಳಿ ಕಡ್ಡಾಯವೆಂಬಂತೆ ಬರುತ್ತದೆ.

ಸಾಕ್ಷ್ಯವಾಗಿ ಬೆಲೆ

ಪಹಣಿಯ ನಮೂದು ಮಾಲಿಕತ್ವ ಕೊಡುವುದಿಲ್ಲ. ಭೂಕಂದಾಯ ಕಾಯ್ದೆಯ 133ನೆಯ ಕಲಮಿನಂತೆ, ತಪ್ಪೆಂದು ತೋರಿಸುವವರೆಗೆ ಅದು ನಿಜವೆಂಬ ಊಹೆ ಮಾತ್ರ ಇದೆ. 30 ವರ್ಷ ಹಳೆಯದಾಗಿ ಯೋಗ್ಯ ವಶದಿಂದ ಬಂದ ಪತ್ರದ ಸಹಿ, ಬರಹಗಳನ್ನು ನಿಜವೆಂದು ಊಹಿಸಲು ಸಾಕ್ಷ್ಯ ಕಾಯ್ದೆಯ 90ನೆಯ ಕಲಮು ಅವಕಾಶ ಕೊಟ್ಟಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದು 92. ಸತ್ತ ಬಂಧುವೊಬ್ಬ ಸಂಬಂಧದ ಬಗ್ಗೆ ಹಿಂದೆ ಹೇಳಿದ ಮಾತಿಗೂ ಬೆಲೆಯಿದೆ, ಆದರೆ ಅದು ಜಗಳ ಹುಟ್ಟುವ ಮೊದಲು ಹೇಳಿದ್ದಾಗಿರಬೇಕು.

ತೀರ್ಪಿನಲ್ಲಿ ವಂಶಾವಳಿ ಅಚ್ಚಾಗಿದೆ ಎಂದಮಾತ್ರಕ್ಕೆ ಅದು ಸಾಬೀತಾದಂತಲ್ಲ. ಬಿಹಾರದ ಬೇತಿಯಾ ರಾಜ್ಯದ ಕೊನೆಯ ಮಹಾರಾಜ 1893ರಲ್ಲಿ, ರಾಣಿ 1954ರಲ್ಲಿ ತೀರಿಕೊಂಡ ಮೇಲೆ ಆಸ್ತಿಗೆ ವಾರಸುದಾರರೆಂದು ಬಂದವರ ದಾವೆಯಲ್ಲಿ ಸುಪ್ರೀಂ ಕೋರ್ಟು 1983ರಲ್ಲಿ ಈ ಬಗ್ಗೆ ವಿವರವಾಗಿ ಹೇಳಿದೆ. ಬೇರೆ ಪಕ್ಷಗಾರರ ನಡುವಿನ ಹಳೆಯ ತೀರ್ಪಿನಲ್ಲಿ ಬಂದ ವಿವರಣೆ ಹೊಸ ದಾವೆಯಲ್ಲಿ ಸಂಬಂಧವನ್ನು ಸಾಬೀತು ಮಾಡುವುದಿಲ್ಲ. ಹೇಳಿದವನಿಗೆ ಅದು ಹೇಗೆ ಗೊತ್ತು ಎಂಬುದನ್ನೂ ನೋಡಬೇಕು. ಮನೆತನದ ಚರಿತ್ರೆ ಬರೆಯುವವರಿಗೆ ಈ ಕಟ್ಟುಪಾಡು ಇಲ್ಲ. ಆದರೂ ವಾದಪತ್ರದ ವಂಶಾವಳಿ, ಎದುರಾಳಿ ಒಪ್ಪಿದ ವಂಶಾವಳಿ ಮತ್ತು ಕೋರ್ಟು ಸ್ಥಿರಪಡಿಸಿದ ವಂಶಾವಳಿ ಮೂರನ್ನೂ ಬೇರೆ ಬೇರೆ ತೂಗುವುದು ಕ್ಷೇಮ. ಸೋತ ಪಕ್ಷದ ವಂಶಾವಳಿಯನ್ನೇ ನಕಲು ಮಾಡಿ ಗೋಡೆಗೆ ತೂಗುಹಾಕಿದ ಮನೆಗಳೂ ಇರಬಹುದು.

ಉಪಯೋಗ

ಪೌತಿ ಖಾತೆ, ಹಿಸ್ಸೆ ದಾವೆ, ಭೂಸ್ವಾಧೀನದ ಪರಿಹಾರ ಹಂಚಿಕೆ, ಬ್ಯಾಂಕ್ ಸಾಲಕ್ಕೆ ಬೇಕಾದ ಹಕ್ಕಿನ ಸರಪಳಿ ಇವು ದಿನನಿತ್ಯದ ಬಳಕೆ. ನಾಡಕಚೇರಿಯ ವಂಶವೃಕ್ಷ ದೃಢೀಕರಣ ಸಾಮಾನ್ಯವಾಗಿ ಎರಡು ಮೂರು ತಲೆಮಾರಿಗೆ ನಿಲ್ಲುತ್ತದೆ. ಅದಕ್ಕಿಂತ ಹಿಂದಕ್ಕೆ ಹೋಗಬೇಕಾದಾಗ ಹಳೆಯ ಕಡತ ಬೇಕು. ಸಂವಿಧಾನದ 371ಜೆ ವಿಧಿಯ ಮೀಸಲಾತಿಗೆ ಸ್ಥಳೀಯತೆ ತೋರಿಸುವಲ್ಲಿ, ಜಾತಿ ಪ್ರಮಾಣಪತ್ರದ ವಿಚಾರಣೆಯಲ್ಲಿ ಪೂರ್ವಿಕರ ಕಾಗದಗಳು ಪೂರಕ ಆಧಾರವಾಗುತ್ತವೆ. ಊರು ಬಿಟ್ಟು ಹೈದರಾಬಾದ್, ಸೊಲ್ಲಾಪುರ, ಪುಣೆ ಸೇರಿದ ಮನೆತನಗಳು ಮೂಲ ಊರು ಗುರುತಿಸಿಕೊಳ್ಳುವುದೂ ಇವುಗಳಿಂದಲೇ.

ಇಂದಿನ ಸ್ಥಿತಿ

2000ದ ಹೊತ್ತಿಗೆ ಜಾರಿಯಾದ ಭೂಮಿ ಯೋಜನೆ ಕೈಬರಹದ ಪಹಣಿಯನ್ನು ನಿಲ್ಲಿಸಿ ಕಂಪ್ಯೂಟರ್ ಪಹಣಿ ತಂದಿತು. ಅದು ಆಗಿನ ಸ್ಥಿತಿಯನ್ನು ದಾಖಲಿಸಿತೇ ಹೊರತು ಹಿಂದಿನ ಪುಸ್ತಕಗಳನ್ನಲ್ಲ. ಕೈಬರಹದಿಂದ ಎತ್ತಿ ಬರೆಯುವಾಗ ಆದ ಹೆಸರಿನ ತಪ್ಪುಗಳು ತಿದ್ದುಪಡಿ ಅರ್ಜಿಗಳಾಗಿ ಇಂದಿಗೂ ಬರುತ್ತಿವೆ. ಋಣಭಾರ ಪತ್ರ ಕಾವೇರಿ ತಂತ್ರಾಂಶದಲ್ಲಿ 2004ರಿಂದೀಚೆಗೆ ಸಿಗುತ್ತದೆ. ಅದಕ್ಕೂ ಹಿಂದಿನ ಪತ್ರಗಳಿಗೆ ನೋಂದಣಿ ಕಚೇರಿಯಲ್ಲಿ ಸೂಚಿ ಪುಸ್ತಕ ತೆಗೆಸಬೇಕು. ಸುಪ್ರೀಂ ಕೋರ್ಟಿನ ವರದಿಗಳು 2023ರಿಂದ ಇ-ಎಸ್‌ಸಿಆರ್ ಮೂಲಕ ಉಚಿತವಾಗಿ ಲಭ್ಯ.

ತಾಲೂಕು ಕಚೇರಿಗಳ ರೆಕಾರ್ಡ್ ರೂಮುಗಳಲ್ಲಿನ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುವ ಭೂಸುರಕ್ಷಾ ಯೋಜನೆಯನ್ನು ಕರ್ನಾಟಕ ಕಂದಾಯ ಇಲಾಖೆ 2024ರಲ್ಲಿ ಆರಂಭಿಸಿತು. ಪುಡಿಪುಡಿಯಾಗುತ್ತಿರುವ ಹಾಳೆಗಳಿಗೆ ಇದರಿಂದ ರಕ್ಷಣೆ ಸಿಕ್ಕಿದೆ. ಆದರೆ ಉರ್ದು ಶಿಕಸ್ತಾ ಮತ್ತು ಮೋಡಿಯ ಪುಟಗಳು ಚಿತ್ರಗಳಾಗಿ ಉಳಿದಿರುವುದರಿಂದ, ಪೂರ್ವಿಕನ ಹೆಸರು ಟೈಪಿಸಿ ಅವುಗಳಲ್ಲಿ ಹುಡುಕಲಾಗದು. ಗ್ರಾಮ, ಸರ್ವೆ ನಂಬರು ಮತ್ತು ವರ್ಷ ಗೊತ್ತಿರಬೇಕು. ಸಿಕ್ಕ ಪುಟ ಕೋರ್ಟಿಗೆ ಹೋಗಬೇಕಾದರೆ ಅದರ ದೃಢೀಕೃತ ನಕಲಿನ ಜೊತೆಗೆ ಅನುವಾದವೂ ಬೇಕು. ಕಲಬುರಗಿಯಲ್ಲಿ ಉರ್ದು ಓದುವವರು ಸಾಕಷ್ಟಿದ್ದಾರೆ, ಶಿಕಸ್ತಾ ಮತ್ತು ಸಿಯಾಖ್ ಎರಡನ್ನೂ ಬಲ್ಲವರು ವಿರಳ. ಮೋಡಿ ಓದುವವರಿಗಾಗಿ ಮಹಾರಾಷ್ಟ್ರದ ಕಡೆ ವಿಚಾರಿಸುವುದು ಸಾಮಾನ್ಯ.